ಕೊಟ್ಟಿಗೆಯ ಚಳಿಗಾಲ, ಅಪ್ಪನ ರೋಡ್‌ಕಿಂಗ್

ಗ್ಯಾರೇಜು ಅಂದರೆ ನಮ್ಮ ಹಾವೇರಿ ಕಡೆ ರಿಪೇರಿ ಅಂಗಡಿ. ಮನೆಯಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೆ ಯಾರೂ ಆ ಹೆಸರು ಹೇಳುವುದಿಲ್ಲ. ಕಟ್ಟೆಯ ಪಕ್ಕ, ಹಿತ್ತಲು, ಮೆಟ್ಟಿಲ ಕೆಳಗೆ, ಎಲ್ಲಿ ಜಾಗ ಇದೆಯೋ ಅಲ್ಲಿ. ನಮ್ಮ ಮನೆಯಲ್ಲಿ ಅದು ಹಳೇ ದನದ ಕೊಟ್ಟಿಗೆ. ಎತ್ತು ಕೊಟ್ಟು ಹತ್ತು ವರ್ಷದ ಮೇಲಾಯಿತು, ಗ್ವಾದಲಿ ಮಾತ್ರ ಹಾಗೇ ಇದೆ. ಮೇವು ಹಾಕುತ್ತಿದ್ದ ಆ ಗ್ವಾದಲಿಯಲ್ಲಿ ಈಗ ಸ್ಪ್ಯಾನರು, ಸ್ಕ್ರೂಡ್ರೈವರು, ಸೀಮೆಎಣ್ಣೆ ಡಬ್ಬಿ, ಹಳೇ ಬನಿಯನ್ ತುಂಡು. ಮುಂದೆ ನಿಂತಿರುವುದು ಅಪ್ಪನ ಯೆಜ್ಡಿ ರೋಡ್‌ಕಿಂಗ್, 1991ರದ್ದು.

ಡೆಟ್ರಾಯಿಟ್ ಹತ್ತಿರ ಇರುವ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬ, ರಾಣೆಬೆನ್ನೂರಿನವನೇ, ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು ತಗೊಂಡಿದ್ದಾನೆ. ಅಲ್ಲಿ ಹಿಮ ಕರಗಿಸಲಿಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ತಾಗಿದರೆ ತಗಡು ತುಕ್ಕು ಹಿಡಿಯುತ್ತದೆ ಅಂತ ಅವನ ಕಾರು ನವೆಂಬರಿನಿಂದ ಏಪ್ರಿಲ್ ತನಕ ಗ್ಯಾರೇಜು ಬಿಟ್ಟು ಹೊರಬರುವುದಿಲ್ಲ. ಆ ಐದಾರು ತಿಂಗಳು ಅವನಿಗೆ ರಿಪೇರಿ ಹಬ್ಬ. ವಿಡಿಯೋ ಕಾಲ್‌ನಲ್ಲಿ ಬ್ಯಾಟರಿ ಚಾರ್ಜರ್ ತೋರಿಸುತ್ತಾನೆ, ಹೀಟರ್ ತೋರಿಸುತ್ತಾನೆ, ನಾನು ಗ್ವಾದಲಿ ತೋರಿಸುತ್ತೇನೆ. ಅವನು ನನಗೆ ಕಳಿಸಿದ ‘ಚಳಿಗಾಲದ ಕೆಲಸಗಳ’ ಪಟ್ಟಿಯಲ್ಲಿ ಅರ್ಧಕ್ಕರ್ಧ ನಮಗೆ ಬೇಡ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ರೋಡ್‌ಕಿಂಗ್ ಎಂಜಿನ್ನಿಗೆ ತಂಪು ಮಾಡಲಿಕ್ಕೆ ನೀರೂ ಬೇಕಿಲ್ಲ, ಗಾಳಿಯೇ ಸಾಕು. ಆದರೆ ಚಳಿಗಾಲದಲ್ಲೇ ಈ ಕೆಲಸ ಮಾಡಬೇಕು ಅನ್ನುವುದು ನಮಗೂ ಸರಿ, ಕಾರಣ ಬೇರೆ ಅಷ್ಟೆ. ಮಳೆಗಾಲ ಏನೇನು ಹಾಳು ಮಾಡಿದೆ ಅಂತ ಕಾಣುವುದು ಈಗ. ಹವಾ ಒಣಗಿರುತ್ತದೆ, ತೊಳೆದದ್ದು ಬೇಗ ಆರುತ್ತದೆ, ಮಧ್ಯಾಹ್ನ ಕೊಟ್ಟಿಗೆಯಲ್ಲಿ ಕೂತರೆ ಬೆವರುವುದಿಲ್ಲ. ನನಗೆ ಡಿಸೆಂಬರ್ ಕೊನೆಗೆ ಆಫೀಸಿನಲ್ಲಿ ಕೆಲಸವೂ ಕಡಿಮೆ, ಮನೆಯಿಂದ ಲಾಗಿನ್ ಆಗಬಹುದು.

ಈ ವರ್ಷ ಗಡುವೂ ಒಂದಿದೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ನಮ್ಮದು 2021ರಲ್ಲಿ ಆಗಿತ್ತು, ಈಗ ಮಾರ್ಚ್ 2026ಕ್ಕೆ ಮುಗಿಯುತ್ತದೆ. ಗಾಡಿಯನ್ನು ಆರ್‌ಟಿಒ ಆಫೀಸಿಗೆ ಒಯ್ದು ಇನ್ಸ್‌ಪೆಕ್ಟರಿಗೆ ತೋರಿಸಬೇಕು. ಅಪ್ಪ 2022ರಿಂದ ಅದನ್ನು ಮುಟ್ಟಿಲ್ಲ. ಮೊಣಕಾಲು ನೋವು, ಕಿಕ್ ಹೊಡೆಯಲು ಆಗುವುದಿಲ್ಲ. ಅಷ್ಟರಲ್ಲಿ ಬೆಂಗಳೂರಿನ ಕೆಫೆಯವರೊಬ್ಬರು ಒಳ್ಳೆಯ ರೇಟು ಹೇಳಿದ್ದಾರೆ. ಓಡಿಸಲಿಕ್ಕಲ್ಲ, ಗೋಡೆ ಪಕ್ಕ ಲೈಟು ಹಾಕಿ ನಿಲ್ಲಿಸಲಿಕ್ಕೆ.

ಅಪ್ಪನ ಮಾತು ಚುಟುಕು. “ಒದಿಯಾಕ ಆಗದಂವಗ ಗಾಡಿ ಯಾಕೋ? ಮಾರ್ಚದಾಗ ಪಾಸಾತು ಅಂದ್ರ ಇರ್ಲಿ, ನಿನ್ನ ಹೆಸರಿಗೆ ಮಾಡ್ಕೋ. ಇಲ್ಲಾಂದ್ರ ಕೊಟ್ಟಬಿಡೂಣು.”

ನಾನು ಕಲಿತದ್ದು ಕಂಪ್ಯೂಟರ್ ಸೈನ್ಸ್. ಬಟನ್ ಒತ್ತಿದರೆ ಶುರುವಾಗುವ ಸ್ಕೂಟರಿನ ಮೇಲೆ ಬೆಳೆದವನು. ಹಾಗಾಗಿ ಇದು ತಿಳಿದವನ ಪಾಠ ಅಲ್ಲ, ಕಲಿಯುವವನ ನೋಟ್‌ಬುಕ್ಕು. ಮನೆಯಲ್ಲಿ ಹಳೇ ಜಾವಾ, ಯೆಜ್ಡಿ, ಆರ್‌ಎಕ್ಸ್ 100 ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ, ಅವರಿಗೆ ಉಪಯೋಗಕ್ಕೆ ಬಂದೀತು.

ಎರಡು ಮಾತು ಗಾಡಿ ಬಗ್ಗೆ. ಯೆಜ್ಡಿ ನಮ್ಮ ಮೈಸೂರಿನದು. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು 1960ರ ದಶಕದ ಶುರುವಿನಲ್ಲಿ ಬೈಕ್ ಮಾಡಲು ಆರಂಭಿಸಿತು. ಮುಂದೆ ಯೆಜ್ಡಿ ಅನ್ನುವ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಆ ಕಾಲದ ಹುಡುಗರಿಗೆ ಇದೇ ಸ್ಪೋರ್ಟ್ಸ್ ಕಾರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದಿದೆ, ಆದರೆ ಅದು ಫೋರ್ ಸ್ಟ್ರೋಕ್, ಅದರ ಸಾಮಾನು ಇದಕ್ಕೆ ಕೂಡುವುದಿಲ್ಲ. ಅಪ್ಪನ ಗಾಡಿಗೆ ಕೆಎ-25, ಧಾರವಾಡದ ನಂಬರು. ಹಾವೇರಿ ಜಿಲ್ಲೆ ಆದದ್ದೇ 1997ರಲ್ಲಿ, ಕೆಎ-27 ಆಮೇಲಿನ ಮಾತು. ಈ ಗಾಡಿಯ ಮೇಲೆಯೇ ಅಪ್ಪ ಮೋಟೆಬೆನ್ನೂರು ಕ್ರಾಸ್ ದಾಟಿ ಬ್ಯಾಡಗಿಗೆ ಹೋಗಿ, ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಲೆಕ್ಕ ಬರೆದು ಬರುತ್ತಿದ್ದರು.

ಮೊದಲು ಎಂಜಿನ್ ಶುರು ಮಾಡಿ ನೋಡೋಣ ಅಂತ ಎಲ್ಲರಿಗೂ ಕೈ ತುರಿಸುತ್ತದೆ. ನನಗೆ ರಾಣೆಬೆನ್ನೂರಿನ ಮೆಕ್ಯಾನಿಕ್ ಚಾಚಾ ಫೋನಿನಲ್ಲೇ ಅಡ್ಡ ಬಂದರು. “ತಮ್ಮಾ, ಓಡೂದು ಆಮ್ಯಾಲ. ಮೊದಲ ಗಾಡಿ ನಿಲ್ಲಬೇಕಲ್ಲ? ಬ್ರೇಕ್ ಬಿಚ್ಚು.”

ಈ ಮಾತಿಗೆ ಕಾರಣ ಇದೆ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎಕ್ಸಲರೇಟರ್ ಬಿಟ್ಟರೆ ಎಂಜಿನ್ನೇ ಸ್ವಲ್ಪ ಹಿಡಿಯುತ್ತದೆ. ಟೂ ಸ್ಟ್ರೋಕಿನಲ್ಲಿ ಆ ಹಿಡಿತ ತೀರಾ ಕಡಿಮೆ. ಗಾಡಿ ಜಾರುತ್ತಲೇ ಹೋಗುತ್ತದೆ, ನಿಲ್ಲಿಸಬೇಕಾದ್ದೆಲ್ಲ ಬ್ರೇಕೇ. ರೋಡ್‌ಕಿಂಗಿಗೆ ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕು. ಸೀಸನ್ನಿನಲ್ಲಿ ಮೋಟೆಬೆನ್ನೂರು ಕ್ರಾಸಿನ ಹತ್ತಿರ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳು ಹೇಗೆ ತಿರುಗುತ್ತವೆ ಅಂತ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಮುಂದಿನ ಚಕ್ರ ಬಿಚ್ಚುವುದು ಹೊಸಬರಿಗೂ ಆಗುವ ಕೆಲಸ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಗಟ್ಟಿ ಹಲಗೆ ಕೊಟ್ಟು, ಅಲುಗಾಡಿಸಿ ನೋಡಿ. ಅಲುಗಿದರೆ ಕೈ ಹಾಕಬೇಡಿ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ: ಕೇಬಲ್ ಎಲ್ಲಿ ಸಿಕ್ಕಿದೆ, ಯಾವ ವಾಷರು ಯಾವ ಕಡೆ, ಬ್ರೇಕ್ ಪ್ಲೇಟು ತಿರುಗದ ಹಾಗೆ ಹಿಡಿಯುವ ಕಚ್ಚು ಎಲ್ಲಿ ಕೂತಿದೆ. ಈ ಕಚ್ಚು ವಾಪಸು ಸರಿಯಾಗಿ ಕೂರದಿದ್ದರೆ ಬ್ರೇಕ್ ಹಿಡಿದಾಗ ಪ್ಲೇಟೇ ಸುತ್ತಿ ಚಕ್ರ ಲಾಕ್ ಆಗಬಹುದು, ಇದನ್ನು ಎರಡು ಸಲ ನೋಡಿ. ಬಿಚ್ಚಿದ ನಟ್ಟು, ಬೋಲ್ಟು ಇಡಲಿಕ್ಕೆ ನಾನು ಇಡ್ಲಿ ತಟ್ಟೆ ಇಟ್ಟಿದ್ದೇನೆ. ಒಂದೊಂದು ಕುಳಿಗೆ ಒಂದೊಂದು ಭಾಗದ್ದು. (ಅವ್ವನ ತಟ್ಟೆ ಅಲ್ಲ, ಸಂತೆಯಲ್ಲಿ ಹಳೇದು ಕೊಂಡದ್ದು. ಆದರೂ ಅವ್ವ ದಿನಾ ಸಂಶಯದಿಂದ ನೋಡುತ್ತಾಳೆ.)

ಡ್ರಮ್ಮಿನ ಒಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದಬೇಡಿ, ಗಾಳಿ ಪಂಪೂ ಹೊಡೆಯಬೇಡಿ. ಹಳೇ ಬ್ರೇಕ್ ಲೈನಿಂಗಿನಲ್ಲಿ ಅಸ್ಬೆಸ್ಟಾಸ್ ಇರುತ್ತಿತ್ತು, ಅದರ ಪುಡಿ ಪುಪ್ಪಸಕ್ಕೆ ಕೆಟ್ಟದ್ದು. ಮೂಗಿಗೆ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿಬಿಡಿ. ಗ್ಯಾರೇಜುಗಳಲ್ಲಿ ಹುಡುಗರು ಉಫ್ ಅಂತ ಊದುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ಶೂ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರುತ್ತದೆ ಅಂತ ಅರ್ಥ, ಉಪ್ಪುಕಾಗದದಲ್ಲಿ ಲಘುವಾಗಿ ತಿಕ್ಕಬೇಕು, ಅದನ್ನೂ ನೀರು ಚಿಮುಕಿಸಿ, ಮಾಸ್ಕ್ ಹಾಕಿಯೇ. ಎಣ್ಣೆ ಕುಡಿದಿದ್ದರೆ ತಿಕ್ಕಿ ಪ್ರಯೋಜನ ಇಲ್ಲ, ಹೊಸದೇ ಹಾಕಬೇಕು. ನಮ್ಮದು ತೀರಾ ಸವೆದಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಜೋಡಿ ತಂದೆ, ರಾಣಿ ಚನ್ನಮ್ಮ ರೈಲಿನಲ್ಲಿ ಬಟ್ಟೆಯ ನಡುವೆ ಸುತ್ತಿಕೊಂಡು. ಶೂ ಅಗಲಿಸುವ ಕ್ಯಾಮಿಗೆ ಸಾಸಿವೆ ಕಾಳಿನಷ್ಟು ಗ್ರೀಸು ಸಾಕು, ಜಾಸ್ತಿ ಆದರೆ ಅದೇ ಹರಿದು ಲೈನಿಂಗಿಗೆ ಬರುತ್ತದೆ. ಬ್ರೇಕ್ ಕೇಬಲ್ ಒಂದು ಎಳೆ ಬಿಟ್ಟಿದ್ದರೂ ಬದಲಿಸಿ. ದುಡ್ಡು ಉಳಿಸುವ ಜಾಗ ಅದಲ್ಲ.

ಜೋಡಿಸಿದ ಮೇಲೆ ಚಾಚಾನಿಗೆ ವಿಡಿಯೋ ಕಳಿಸಿದೆ. ಅವರು ಅದನ್ನು ಒಪ್ಪಲಿಲ್ಲ. “ವಿಡಿಯೋದಾಗ ಬ್ರೇಕ್ ಹತ್ತಂಗಿಲ್ಲ, ತಗೊಂಡ ಬಾ” ಅಂದರು. ಟಾಟಾ ಏಸಿನಲ್ಲಿ ಹಗ್ಗ ಬಿಗಿದು ಗಾಡಿಯನ್ನು ರಾಣೆಬೆನ್ನೂರಿಗೆ ಒಯ್ದೆ. ಅವರು ಚಕ್ರ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ, ಕೇಬಲ್ಲನ್ನು ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ತಲೆಯಾಡಿಸಿದರು. ಬ್ರೇಕಿನ ಕೆಲಸ ನೀವೇ ಮಾಡಿ, ಆದರೆ ತಿಳಿದವರ ಕೈಗೆ ಒಮ್ಮೆ ಕೊಟ್ಟು ನೋಡಿಸದೆ ರಸ್ತೆಗೆ ಇಳಿಸಬೇಡಿ. ನಾವು ಬರೆದ ಕೋಡನ್ನೇ ಇನ್ನೊಬ್ಬರು ನೋಡದೆ ಬಿಡುವುದಿಲ್ಲ, ಇದು ಜೀವದ ಮಾತು.

ಎರಡನೆಯದು ಪೆಟ್ರೋಲ್ ಟ್ಯಾಂಕು. ಮುಚ್ಚಳ ತೆಗೆದರೆ ಪೆಟ್ರೋಲಿನ ವಾಸನೆ ಅಲ್ಲ, ಹಳೇ ಪೇಂಟಿನ ವಾಸನೆ ಬಂತು. 2022ರ ಪೆಟ್ರೋಲ್ ಅದು. ಈಗಿನದಂತೂ ಇನ್ನೂ ಸೂಕ್ಷ್ಮ, ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ಕಬ್ಬು, ಅಕ್ಕಿ, ನಮ್ಮ ಹೊಲದಲ್ಲೂ ಬೆಳೆಯುವ ಗೋವಿನಜೋಳ, ಇವುಗಳಿಂದ ತೆಗೆದದ್ದು. ರೈತರ ಮನೆಯವನಾಗಿ ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತದೆ, ತುಕ್ಕು ಹಿಡಿಸುತ್ತದೆ. 1991ರ ರಬ್ಬರಿಗೂ ಅದು ಆಗಿಬರುವುದಿಲ್ಲ. ಹಾಗಾಗಿ ಇಂಥ ಗಾಡಿಯನ್ನು ಎರಡು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಿದ್ದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ ಇಡುವುದು ಒಳ್ಳೆಯದು. ಪೆಟ್ರೋಲ್ ಪೈಪನ್ನು ಎಥನಾಲ್ ತಡೆಯುವ ಹೊಸದಕ್ಕೆ ಬದಲಿಸಿ, ಖರ್ಚು ಚಿಲ್ಲರೆ.

ತುಕ್ಕಿಗೆ ನಾನು ಬಳಸಿದ್ದು ಲಿಂಬಿ ಉಪ್ಪು. ಕಿರಾಣಿ ಅಂಗಡಿಯಲ್ಲಿ ಸಿಗುವುದೇ. ಲೀಟರ್ ಬಿಸಿನೀರಿಗೆ 50 ಗ್ರಾಂ ಲೆಕ್ಕದಲ್ಲಿ ಕರಗಿಸಿ, ಟ್ಯಾಂಕನ್ನು ಗಾಡಿಯಿಂದ ಬಿಚ್ಚಿ, ಕಾಕ್ ಇರುವ ತೂತಿಗೆ ಬಿರಡೆ ಹಾಕಿ, ತುಂಬಿಸಿ ಒಂದು ರಾತ್ರಿ ಬಿಟ್ಟೆ. ಗಟ್ಟಿ ತುಕ್ಕು ಬಿಡಿಸಲಿಕ್ಕೆ ಮರುದಿನ ಒಳಗೆ ನಟ್ಟುಗಳನ್ನು ಹಾಕಿ ಅಲ್ಲಾಡಿಸಬೇಕು. ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ನಾನು 24 ಹಾಕಿದ್ದೆ, 23 ಸಲೀಸಾಗಿ ಬಂದವು, ಕೊನೆಯದು ಬರಲಿಕ್ಕೆ ಮುಕ್ಕಾಲು ತಾಸು ಟ್ಯಾಂಕನ್ನು ಮಗುವಿನ ಹಾಗೆ ತೂಗಬೇಕಾಯಿತು. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರು, ಆಮೇಲೆ ಎರಡು ಸಲ ಬರೀ ನೀರು, ಕೂಡಲೇ ಬಿಸಿಲು. ಇಲ್ಲಿ ತಡ ಮಾಡಬಾರದು, ತೊಳೆದ ತಗಡು ಅರ್ಧ ದಿನದಲ್ಲೇ ಮತ್ತೆ ಕೆಂಪಾಗುತ್ತದೆ. ಒಣಗಿದ ತಕ್ಷಣ ಸ್ವಲ್ಪ 2ಟಿ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಒಳಗೆಲ್ಲ ತಾಗುವಂತೆ ತಿರುಗಿಸಿ. ನಮ್ಮ ಡಿಸೆಂಬರ್ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಡೆಟ್ರಾಯಿಟ್ ಗೆಳೆಯನಿಗೆ ಈ ಸೌಕರ್ಯ ಇಲ್ಲ.

ತೆಗೆದ ಹಳೇ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ. ಕೊಟ್ಟಿಗೆಯಲ್ಲಿ ಹುಲ್ಲು ಇದ್ದರೆ ಮೊದಲು ಹುಲ್ಲು ಹೊರಗೆ ಹಾಕಿ, ಆಮೇಲೆ ಪೆಟ್ರೋಲಿಗೆ ಕೈ ಹಾಕಿ. ಬೀಡಿ ಸೇದುವ ನೆರೆಮನೆ ಕಾಕಾ ಬಂದರೆ ಕಟ್ಟೆಯ ಮೇಲೇ ಕೂರಿಸಿ ಚಹಾ ಕೊಡಿ.

ಏರ್ ಫಿಲ್ಟರಿನದು ಬ್ಯಾಡಗಿಯ ಕಥೆ. ಡಿಸೆಂಬರಿನಿಂದ ಏಪ್ರಿಲ್ ತನಕ ಅಲ್ಲಿ ಮೆಣಸಿನಕಾಯಿ ಸೀಸನ್, ಸೋಮವಾರ, ಗುರುವಾರ ಮಾರುಕಟ್ಟೆ. ಯಾರ್ಡಿನ ಗಾಳಿಯಲ್ಲೇ ಕೆಂಪು ಇರುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ, 2011ರಲ್ಲಿ ಜಿಐ ಪಟ್ಟ ಸಿಕ್ಕಿದ್ದೂ ಆ ಗುಣಕ್ಕೇ. ಖಾರ ಕಡಿಮೆಯೋ ಏನೋ, ನಾನು ಫಿಲ್ಟರನ್ನು ಗ್ವಾದಲಿಗೆ ಒಮ್ಮೆ ತಟ್ಟಿದ್ದಕ್ಕೆ ನಾನು, ಅವ್ವ, ಪಕ್ಕದ ಮನೆಯ ಬೆಕ್ಕು, ಎಲ್ಲರೂ ಸೀನಿದೆವು. ಅಪ್ಪ ಮಾತ್ರ ಸೀನಲಿಲ್ಲ. ಮೂವತ್ತು ವರ್ಷ ಅದರಲ್ಲೇ ಕೂತವರು. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಪ್ಲಗ್ ಬಿಚ್ಚಿ ನೋಡಿದರೆ ಮಸಿ ಹಿಡಿದಿರುತ್ತದೆ. ಪ್ಲಗ್ಗಿನ ತುದಿ ಬಿಸ್ಕೀಟಿನ ಬಣ್ಣಕ್ಕಿದ್ದರೆ ಎಲ್ಲ ಸರಿ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಜಾಸ್ತಿ, ಅದು ಮಸಿಗಿಂತ ಅಪಾಯ. ಕೆಲವರು ‘ಪಿಕಪ್’ ಜಾಸ್ತಿ ಬರಲಿ ಅಂತ ಫಿಲ್ಟರೇ ಕಿತ್ತು ಓಡಿಸುತ್ತಾರೆ. ನಮ್ಮ ಧೂಳಿನಲ್ಲಿ ಅದು ಎಂಜಿನ್ನಿಗೆ ಉಪ್ಪುಕಾಗದ ತಿನ್ನಿಸಿದ ಹಾಗೆ.

ಸೈಲೆನ್ಸರ್ ಕೆಲಸ ಕೊಳಕು, ಆದರೆ ಮಜಾ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲೂ ಸುಡುವುದರಿಂದ ಒಳಗಿನ ಕೊಳವೆಗೆ ಜಿಡ್ಡುಗಟ್ಟಿದ ಇದ್ದಿಲು ಅಂಟುತ್ತದೆ, ಹೊಗೆಗೆ ದಾರಿ ಸಿಗದೆ ಗಾಡಿ ಮುಕ್ಕುರಿಯುತ್ತದೆ. ಆ ಒಳಗೊಳವೆಯನ್ನಷ್ಟೇ ಹೊರಗೆ ಎಳೆದು, ಹಿತ್ತಲಲ್ಲಿ ಕುಳ್ಳಿನ ಬೆಂಕಿಗೆ ಹಾಕಿ, ತಣ್ಣಗಾದ ಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿದೆ. ಹೊರಗಿನ ಹೊಳಪಿನ ಪೈಪನ್ನು ಬೆಂಕಿಗೆ ಹಾಕಬಾರದು, ಕ್ರೋಮ್ ನೀಲಿಯಾಗುತ್ತದೆ. ಹೊಗೆ ದಟ್ಟವಾಗಿ ಬರುವುದರಿಂದ ಅವ್ವ ಬಟ್ಟೆ ಒಣಹಾಕದ ದಿನ ನೋಡಿಕೊಳ್ಳಿ.

ಉಳಿದದ್ದು ಬೇಗ ಹೇಳುತ್ತೇನೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ತುದಿಗಳಿಗೆ ವ್ಯಾಸಲಿನ್. ಟೈರು ಬಿರುಕು ಬಿಟ್ಟಿದ್ದರೆ ಹಲ್ಲು ಎಷ್ಟೇ ಇರಲಿ ಬದಲಿಸಿ. ಪಾಲಿಶ್ ಕೊನೆಗೆ, ಅದಕ್ಕೆ ಯಾರ ಸಲಹೆಯೂ ಬೇಡ. ಕಾಂಟ್ಯಾಕ್ಟ್ ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ನಾನು ಆನ್‌ಲೈನಿನಲ್ಲಿ ಫೀಲರ್ ಗೇಜ್ ತರಿಸಿದೆ. ಚಾಚಾ ಲಗ್ನಪತ್ರಿಕೆಯ ಒಂದು ತುಂಡು ತೂರಿಸಿ ನೋಡುತ್ತಾರೆ. ಗೇಜಿನಲ್ಲಿ ಅಳೆದೆ, ಅವರು ಇಟ್ಟ ಸಂದು 0.4ಕ್ಕೇ ಇತ್ತು. ಅವರಿಗೆ ಹೇಳಿದರೆ, “ಪತ್ರಿಕಿ ದಪ್ಪಂದ ಇರಬೇಕ ಮತ್ತ, ದೊಡ್ಡ ಮಂದೀದು” ಅಂದರು.

ಮನೆಯಲ್ಲಿ ಕೈ ಹಾಕಬಾರದ್ದು ಎಂಜಿನ್ನಿನ ಒಳಭಾಗ. ಅದಕ್ಕೊಂದು ಗುರುತು ಹೇಳುತ್ತೇನೆ. ಎಕ್ಸಲರೇಟರ್ ಪೂರ್ತಿ ಬಿಟ್ಟರೂ ಎಂಜಿನ್ ತಾನಾಗಿ ಜೋರಾಗಿ ಕೂಗುತ್ತಿದ್ದರೆ ಎಲ್ಲೋ ಗಾಳಿ ಒಳಗೆ ಸೇರುತ್ತಿದೆ ಅಂತ ಸಂಶಯ ಪಡಬೇಕು. ಹೆಚ್ಚಾಗಿ ಕ್ರ್ಯಾಂಕಿನ ಆಯಿಲ್ ಸೀಲು ಹೋಗಿರುತ್ತದೆ. ಟೂ ಸ್ಟ್ರೋಕಿನಲ್ಲಿ ಎಂಜಿನ್ನಿಗೆ ಎಣ್ಣೆ ಸಿಗುವುದೇ ಪೆಟ್ರೋಲಿನ ಜೊತೆ. ಗಾಳಿ ಜಾಸ್ತಿಯಾದರೆ ಎಣ್ಣೆಯೂ ಕಡಿಮೆ, ಬಿಸಿಯೂ ಹೆಚ್ಚು, ಓಡುತ್ತಾ ಓಡುತ್ತಾ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅಂಥ ಕೂಗು ಕೇಳಿದ ಕೂಡಲೇ ಬಂದ್ ಮಾಡಿ, ಬಲ್ಲವರ ಹತ್ತಿರ ಒಯ್ಯಿರಿ.

ನಮ್ಮ ಗಾಡಿ ಮೊದಲ ಸಲ ಶುರುವಾದಾಗ ಹೀಗೇ ಕೂಗಿತು. ಲೀಟರಿಗೆ 40 ಮಿ.ಲೀ. 2ಟಿ ಆಯಿಲ್ ಬೆರೆಸಿ, ಹದಿನಾಲ್ಕನೇ ಕಿಕ್ಕಿಗೆ ಎದ್ದಿತ್ತು, ಅವ್ವ ಒಲೆ ಬಿಟ್ಟು ಓಡಿ ಬಂದಿದ್ದಳು, ಕಟ್ಟೆಯ ಮೇಲಿನ ಅಪ್ಪ ಎದ್ದು ನಿಂತಿದ್ದರು. ಹತ್ತು ಸೆಕೆಂಡು ಕೇಳಿ ಅಪ್ಪನೇ “ಬಂದ್ ಮಾಡು, ಬಂದ್ ಮಾಡು” ಅಂತ ಕೈ ಬೀಸಿದರು. ಆಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಈಗ ಎಂಜಿನ್ ಚಾಚಾನ ಅಂಗಡಿಯಲ್ಲಿದೆ. ಅವರಿಗೆ ಅರವತ್ತು ದಾಟಿದೆ, ಬಲಗೈ ಬೆರಳು ಬೆಳಗಿನ ಚಳಿಗೆ ಸೆಟೆಯುತ್ತವೆ, ಹನ್ನೊಂದರ ಮೇಲೆಯೇ ಕೆಲಸ. ಮಗ ಬ್ಯಾಟರಿ ಸ್ಕೂಟರಿನ ಶೋರೂಮಿನಲ್ಲಿದ್ದಾನೆ, ಅವನಿಗೆ ಇದರ ಆಸೆ ಇಲ್ಲ, ಇರಬೇಕು ಅಂತಲೂ ಇಲ್ಲ. ಕ್ರ್ಯಾಂಕ್ ಬಿಚ್ಚಿ ನೇರ ಮಾಡುವವರು ರಾಣೆಬೆನ್ನೂರಿನಲ್ಲಿ ತಾವು, ಹುಬ್ಬಳ್ಳಿಯಲ್ಲಿ ಇನ್ನೊಬ್ಬರು ಅಂತ ಚಾಚಾ ಹೇಳುತ್ತಾರೆ. ನಾನು ಎರಡು ಶನಿವಾರ ಅಲ್ಲಿ ಕೂತೆ. ಅವರು ಬಿಚ್ಚುವುದನ್ನು ಫೋನಿನಲ್ಲಿ ಹಿಡಿದೆ, ಮಾತನ್ನು ಬರೆದುಕೊಂಡೆ. ಎರಡನೇ ಶನಿವಾರ ಸೀಲನ್ನು ನನ್ನ ಕೈಗೇ ಕೊಟ್ಟು ಒತ್ತಿಸಿದರು. ಯಾವ ಮುಖ ಒಳಗೆ, ಯಾವುದು ಹೊರಗೆ, ತುಟಿಗೆ ಎಷ್ಟು ಎಣ್ಣೆ ಸವರಬೇಕು, ಇಷ್ಟನ್ನು ಮೂರು ಸಲ ಹೇಳಿಸಿದರು. ಅವರು ಬೇಡ ಅಂದರೂ ಕೂಲಿಯನ್ನು ಪೂರ್ತಿ ಕೊಟ್ಟಿದ್ದೇನೆ. ಕೂತು ಕಲಿತದ್ದಕ್ಕೆ ಫೀ ಬೇರೆ ಕೊಡಬೇಕಿತ್ತು ಅಂತ ನನ್ನ ಲೆಕ್ಕ.

ಖರ್ಚು ಎಷ್ಟಾಯಿತು ಅಂತ ಕೇಳುವವರಿಗೆ: ಕೊಟ್ಟಿಗೆಯಲ್ಲಿ ನಾನು ಮಾಡಿದ ಕೆಲಸಕ್ಕೆಲ್ಲ ಸೇರಿ ಒಂದು ಟೈರಿನ ದುಡ್ಡು ಕೂಡ ಆಗಿಲ್ಲ. ಎರಡು ಹೊಸ ಟೈರು, ಎಂಜಿನ್ ಕೆಲಸ, ಇವೇ ಭಾರ. ರಿನ್ಯೂವಲ್ ಫೀ ಹಳೇ ಗಾಡಿಗೆ ಈಗ ಮೊದಲಿನಂತೆ ಇಲ್ಲ, ಜಾಸ್ತಿ. ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಛಾಸಿ ನಂಬರು ಗಾಡಿಯ ಮೇಲೆ ಓದಲಿಕ್ಕೆ ಬರುವಂತೆ ಒರೆಸಿಡಿ. ನಮ್ಮದರ ಮೇಲೆ ಮೂವತ್ತು ವರ್ಷದ ಗ್ರೀಸು ಇತ್ತು.

ಸಂಕ್ರಾಂತಿ ಒಳಗೆ ಎಂಜಿನ್ ಕೊಡುತ್ತೇನೆ ಅಂದಿದ್ದಾರೆ ಚಾಚಾ. ಅದರ ಮೇಲೆ ಸೀಸನ್ ಗಾಡಿಗಳ ಕೆಲಸ ಬಂದು ಬೀಳುತ್ತದೆ, ನಮ್ಮದು ಮೂಲೆಗೆ ಹೋಗುತ್ತದೆ. ಅಷ್ಟರಲ್ಲಿ ನನಗೆ ವೈರಿಂಗ್ ಮುಗಿಸುವುದಿದೆ. ಹೆಡ್‌ಲೈಟ್ ಬರುತ್ತಿದೆ, ಹಿಂದಿನ ಬ್ರೇಕ್ ಲೈಟು ಬರುತ್ತಿಲ್ಲ. ಕೆಫೆಯವರು ನಿನ್ನೆ ಮತ್ತೆ ಫೋನ್ ಮಾಡಿದ್ದರು. ಅಪ್ಪ ಮಾರ್ಚ್ ಆಗಲಿ ನೋಡೋಣ ಅಂತ ಹೇಳಿ ಫೋನ್ ಇಟ್ಟು, ಕೊಟ್ಟಿಗೆಗೆ ಬಂದು, ಹಾರ್ನ್ ಒತ್ತಿ ನೋಡಿದರು. ಅದೂ ಬರುತ್ತಿಲ್ಲ, ಅದನ್ನೂ ಪಟ್ಟಿಗೆ ಸೇರಿಸಿದ್ದೇನೆ.